ಗಿವ್ ಅಪ್

ಗಿವ್ ಅಪ್ ಎಂಬುದು ಇಂಗ್ಲಿಷ್ ಭಾಷೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಫ್ರೇಸಲ್ ವರ್ಬ್‌ಗಳಲ್ಲಿ, ಅಂದರೆ ನುಡಿಗಟ್ಟಿನ ಕ್ರಿಯಾಪದಗಳಲ್ಲಿ, ಒಂದು. ‘ಕೊಡು’ ಎಂಬ ಅರ್ಥದ ‘ಗಿವ್’ ಕ್ರಿಯಾಪದಕ್ಕೆ ‘ಮೇಲೆ’ ಎಂಬ ಅರ್ಥದ ‘ಅಪ್’ ಎಂಬ ಅವ್ಯಯ ಸೇರಿ ಇದು ರೂಪುಗೊಂಡಿದೆ. ಎರಡು ಪದಗಳ ಅರ್ಥಗಳನ್ನು ಬಿಡಿಬಿಡಿಯಾಗಿ ಕೂಡಿಸಿದರೆ ‘ಮೇಲಕ್ಕೆ ಕೊಡು’ ಎಂದಾಗುತ್ತದೆ. ಬಳಕೆಯಲ್ಲಿ ಮಾತ್ರ ಇದಕ್ಕೆ ಬಿಡು, ತ್ಯಜಿಸು, ಬಿಟ್ಟುಕೊಡು, ಪ್ರಯತ್ನ ಕೈಬಿಡು, ಸೋಲೊಪ್ಪಿಕೊಳ್ಳು, ಶರಣಾಗು ಎಂಬ ಅರ್ಥಗಳಿವೆ.

ಕನ್ನಡದಲ್ಲಿ ಗಿವ್ ಅಪ್ ಎಂಬುದಕ್ಕೆ ಎಲ್ಲ ಸಂದರ್ಭಕ್ಕೂ ಹೊಂದುವ ಒಂದೇ ಸಮಾನ ಪದವಿಲ್ಲ. ಬಿಡುವವರು ಯಾರು, ಬಿಡುವುದು ಏನನ್ನು, ಬಿಟ್ಟದ್ದು ಇನ್ನೊಬ್ಬರ ಕೈ ಸೇರುತ್ತದೆಯೇ, ಬಿಟ್ಟದ್ದು ಸ್ವಂತ ಇಚ್ಛೆಯಿಂದಲೋ ಒತ್ತಾಯದಿಂದಲೋ ಎಂಬುದನ್ನು ತಿಳಿದು ಕನ್ನಡದ ಕ್ರಿಯಾಪದವನ್ನು ಆರಿಸಬೇಕಾಗುತ್ತದೆ. ಇಂಗ್ಲಿಷಿನ ಪದ ಈ ಪ್ರಶ್ನೆಗಳಿಗೆ ಉತ್ತರ ಹೇಳದೆ ಮುಂದೆ ಸಾಗುತ್ತದೆ. ವರ್ಜೀನಿಯಾ ತಂಬಾಕು ಬೆಳೆಯುವ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ‘ಗಿವ್ ಅಪ್ ಟೊಬ್ಯಾಕೊ’ ಎಂಬ ಮಾತನ್ನು ಸೇದುವವನಿಗೆ ಹೇಳಿದರೆ ಒಂದು ಅರ್ಥ, ಬೆಳೆಯುವವನಿಗೆ ಹೇಳಿದರೆ ಬೇರೊಂದು ಅರ್ಥ.

## ಅರ್ಥಗಳು

ಗಿವ್ ಅಪ್ ಎಂಬುದರ ಮುಖ್ಯ ಅರ್ಥಗಳು ಹೀಗಿವೆ:

1. ಅಭ್ಯಾಸವನ್ನು ಬಿಡುವುದು. ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದರೆ ಅವನು ಧೂಮಪಾನ ಬಿಟ್ಟನು.
2. ಪ್ರಯತ್ನವನ್ನು ನಿಲ್ಲಿಸುವುದು. ‘ಡೋಂಟ್ ಗಿವ್ ಅಪ್’ ಎಂದರೆ ಪ್ರಯತ್ನ ಬಿಡಬೇಡ, ಎದೆಗುಂದಬೇಡ.
3. ತನ್ನದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ‘ಶಿ ಗೇವ್ ಅಪ್ ಹರ್ ಸೀಟ್’ ಎಂದರೆ ಅವಳು ತನ್ನ ಸೀಟನ್ನು ಬಿಟ್ಟುಕೊಟ್ಟಳು.
4. ಹುದ್ದೆ, ಕಸುಬು, ಹಕ್ಕು ಮುಂತಾದುವನ್ನು ತೊರೆಯುವುದು. ‘ಹಿ ಗೇವ್ ಅಪ್ ಹಿಸ್ ಜಾಬ್’ ಎಂದರೆ ಅವನು ಕೆಲಸ ಬಿಟ್ಟನು.
5. ಶರಣಾಗುವುದು, ಒಪ್ಪಿಸುವುದು. ‘ದ ಥೀಫ್ ಗೇವ್ ಹಿಮ್‌ಸೆಲ್ಫ್ ಅಪ್’ ಎಂದರೆ ಕಳ್ಳನು ತಾನಾಗಿ ಬಂದು ಶರಣಾದನು.
6. ಆಸೆಯನ್ನು ಕಳೆದುಕೊಳ್ಳುವುದು. ‘ಗಿವ್ ಅಪ್ ಹೋಪ್’ ಎಂದರೆ ಆಸೆ ಬಿಡು. ವ್ಯಕ್ತಿಯೊಬ್ಬನು ಸತ್ತನೆಂದೇ ಭಾವಿಸಿ ಆಸೆ ತೊರೆಯುವುದನ್ನು ‘ಗಿವ್ ಅಪ್ ಫಾರ್ ಡೆಡ್’ ಎನ್ನುತ್ತಾರೆ.
7. ಪ್ರಾಣ ಬಿಡುವುದು. ‘ಗಿವ್ ಅಪ್ ದ ಘೋಸ್ಟ್’ ಎಂಬ ನುಡಿಗಟ್ಟಿನಲ್ಲಿ ‘ಘೋಸ್ಟ್’ ಎಂದರೆ ದೆವ್ವವಲ್ಲ, ಆತ್ಮ ಅಥವಾ ಪ್ರಾಣ. ಇಂದು ಕೆಟ್ಟುನಿಂತ ಯಂತ್ರದ ವಿಷಯದಲ್ಲೂ ಇದನ್ನು ತಮಾಷೆಯಾಗಿ ಬಳಸುತ್ತಾರೆ.

ಈ ಏಳು ಅರ್ಥಗಳಿಗೂ ಸಮಾನವಾದ ಒಂದು ಅಂಶವಿದೆ. ಇದುವರೆಗೆ ಹಿಡಿದುಕೊಂಡಿದ್ದ ಒಂದನ್ನು ಇನ್ನು ಮುಂದೆ ಹಿಡಿಯದಿರುವುದೇ ಆ ಅಂಶ.

## ವ್ಯಾಕರಣ

ಗಿವ್ ಅಪ್ ಬೇರ್ಪಡಿಸಬಹುದಾದ ಫ್ರೇಸಲ್ ವರ್ಬ್. ಅಂದರೆ ಕರ್ಮಪದವು ಎರಡು ಪದಗಳ ನಂತರವೂ ಬರಬಹುದು, ನಡುವೆಯೂ ಬರಬಹುದು. ‘ಗಿವ್ ಅಪ್ ದ ಪ್ಲಾನ್’ ಮತ್ತು ‘ಗಿವ್ ದ ಪ್ಲಾನ್ ಅಪ್’ ಎರಡೂ ಸರಿ. ಕರ್ಮಪದವು ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು. ‘ಗಿವ್ ಇಟ್ ಅಪ್’ ಎಂಬುದು ಸರಿ. ‘ಗಿವ್ ಅಪ್ ಇಟ್’ ಎಂಬುದು ತಪ್ಪು.

ಇದರ ಮುಂದೆ ಇನ್ನೊಂದು ಕ್ರಿಯಾಪದ ಬರುವುದಾದರೆ ಅದು ‘ಇಂಗ್’ ಪ್ರತ್ಯಯದ ರೂಪದಲ್ಲಿರಬೇಕು. ‘ಗಿವ್ ಅಪ್ ಸ್ಮೋಕಿಂಗ್’ ಎನ್ನಬೇಕೇ ಹೊರತು ‘ಗಿವ್ ಅಪ್ ಟು ಸ್ಮೋಕ್’ ಎನ್ನಬಾರದು. ಕನ್ನಡದಲ್ಲಿ ‘ಸೇದುವುದನ್ನು ಬಿಡು’ ಎಂದು ಭಾವನಾಮವನ್ನು ಬಳಸುವ ಕ್ರಮ ಇದಕ್ಕೆ ಹತ್ತಿರವಾಗಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಈ ನಿಯಮವನ್ನು ಸುಲಭವಾಗಿ ನೆನಪಿಡಬಹುದು.

ಕರ್ಮಪದವಿಲ್ಲದೆ ‘ಐ ಗಿವ್ ಅಪ್’ ಎಂದಷ್ಟೇ ಹೇಳಿದರೆ ‘ನಾನು ಸೋತೆ’, ‘ಇನ್ನು ನನ್ನಿಂದಾಗದು’ ಎಂಬ ಅರ್ಥ ಬರುತ್ತದೆ. ಒಗಟು ಬಿಡಿಸಲಾರದ ಮಗು ‘ಸೋತೆ, ನೀನೇ ಹೇಳು’ ಎನ್ನುವುದು ಇದೇ ಅರ್ಥದಲ್ಲಿ. ‘ಗಿವ್ ಅಪ್ ಆನ್’ ಎಂಬ ಮೂರು ಪದಗಳ ರೂಪಕ್ಕೆ ಒಬ್ಬ ವ್ಯಕ್ತಿಯ ಅಥವಾ ಒಂದು ಸಂಗತಿಯ ಮೇಲಿನ ಭರವಸೆ ಕಳೆದುಕೊಳ್ಳುವುದು ಎಂದರ್ಥ. ‘ದ ಟೀಚರ್ ನೆವರ್ ಗೇವ್ ಅಪ್ ಆನ್ ಹರ್ ಸ್ಟೂಡೆಂಟ್ಸ್’ ಎಂಬುದನ್ನು ‘ಶಿಕ್ಷಕಿಯು ತನ್ನ ವಿದ್ಯಾರ್ಥಿಗಳನ್ನು ಎಂದೂ ಕೈಬಿಡಲಿಲ್ಲ’ ಎಂದು ಅನುವಾದಿಸಬಹುದು.

## ವ್ಯುತ್ಪತ್ತಿ ಮತ್ತು ಇತಿಹಾಸ

### ಗಿವ್

ಗಿವ್ ಎಂಬುದು ಜರ್ಮಾನಿಕ್ ಮೂಲದ ಪದ. ಜರ್ಮನ್ ಭಾಷೆಯ ‘ಗೇಬೆನ್’ ಇದರ ಸೋದರ ರೂಪ. ಹಳೆ ಇಂಗ್ಲಿಷಿನಲ್ಲಿ ಈ ಪದದ ಆದಿಯಲ್ಲಿ ಇಂದಿನ ‘ಗ’ಕಾರದ ಉಚ್ಚಾರಣೆ ಇರಲಿಲ್ಲ, ‘ಯ’ಕಾರವಿತ್ತು. ಮಧ್ಯಕಾಲೀನ ಇಂಗ್ಲಿಷಿನಲ್ಲಿಯೂ ‘ಯಿವೆನ್’, ‘ಯೆವೆನ್’ ಎಂಬಂಥ ರೂಪಗಳು ಕಾಣಸಿಗುತ್ತವೆ. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಭಾಷೆಯ ಪ್ರಭಾವದಿಂದ ‘ಗ’ಕಾರದ ರೂಪವು ಪ್ರಬಲವಾಗಿ, ಕೊನೆಗೆ ಅದೇ ಉಳಿದುಕೊಂಡಿತು.

### ಅಪ್

ಅಪ್ ಕೂಡ ಹಳೆ ಇಂಗ್ಲಿಷಿನ ಪದವೇ. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ ‘ಉಪ’ ಎಂಬ ಉಪಸರ್ಗಕ್ಕೆ ದೂರದ ಬಂಧುವೆಂದು ಗುರುತಿಸುತ್ತಾರೆ. ಕನ್ನಡಿಗರಿಗೆ ಉಪಕಾರ, ಉಪನಯನ, ಉಪವಾಸ ಮುಂತಾದ ಶಬ್ದಗಳ ಮೂಲಕ ಈ ಉಪಸರ್ಗ ಪರಿಚಿತವಾಗಿದೆ. ‘ಹರತಿ’ ಎಂಬ ಕ್ರಿಯಾಪದಕ್ಕೆ ಆ, ವಿ, ಪರಿ, ಸಂ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪರಿಹಾರ, ಸಂಹಾರ ಎಂಬ ಬೇರೆ ಬೇರೆ ಅರ್ಥಗಳು ಹುಟ್ಟುವಂತೆ, ಇಂಗ್ಲಿಷಿನಲ್ಲಿ ಕ್ರಿಯಾಪದದ ನಂತರ ಬರುವ ಚಿಕ್ಕ ಪದವು ಅರ್ಥವನ್ನು ಬದಲಿಸುತ್ತದೆ. ಸಂಸ್ಕೃತದಲ್ಲಿ ಉಪಸರ್ಗ ಮುಂದೆ ಅಂಟಿಕೊಂಡರೆ ಇಂಗ್ಲಿಷಿನಲ್ಲಿ ಅದು ಹಿಂದೆ ಬಿಡಿಯಾಗಿ ನಿಲ್ಲುತ್ತದೆ.

ಗಿವ್ ಅಪ್ ಎಂಬಲ್ಲಿ ‘ಅಪ್’ ಪದಕ್ಕೆ ‘ಮೇಲೆ’ ಎಂಬ ದಿಕ್ಕಿನ ಅರ್ಥವಿಲ್ಲ. ಕ್ರಿಯೆಯು ಪೂರ್ಣವಾಯಿತು, ಉಳಿಕೆ ಇಲ್ಲ ಎಂಬುದನ್ನು ಅದು ಸೂಚಿಸುತ್ತದೆ. ‘ಈಟ್ ಅಪ್’ ಎಂದರೆ ಪೂರ್ತಿ ತಿಂದುಬಿಡು, ‘ಡ್ರಿಂಕ್ ಅಪ್’ ಎಂದರೆ ಪೂರ್ತಿ ಕುಡಿದುಬಿಡು. ಅದೇ ರೀತಿ ಗಿವ್ ಅಪ್ ಎಂದರೆ ಉಳಿಸಿಕೊಳ್ಳದೆ ಕೊಟ್ಟುಬಿಡು. ಇಲ್ಲಿ ಇಂಗ್ಲಿಷಿನ ‘ಅಪ್’ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಬಿಡು’ ಎಂಬ ಸಹಾಯಕ ಕ್ರಿಯಾಪದ ಮಾಡುತ್ತಿರುವುದನ್ನು ಗಮನಿಸಬೇಕು.

### ಕೂಡಿದ ರೂಪ

ಗಿವ್ ಅಪ್ ರೂಪವು 12ನೇ ಶತಮಾನದಿಂದಲೇ ಕಾಣುತ್ತದೆ. ಅದರ ಹಳೆಯ ಬಳಕೆಗಳಲ್ಲಿ ಒಂದು ‘ಪೀಟರ್‌ಬರೊ ಕ್ರಾನಿಕಲ್’ ಎಂಬ ಮಠದ ವೃತ್ತಾಂತದಲ್ಲಿದೆ. 1132ನೇ ವರ್ಷದ ದಾಖಲೆಯಲ್ಲಿ, ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿಯು ಪೀಟರ್‌ಬರೊ ಮಠದ ಅಧಿಪತಿಯಾಗಿದ್ದ ಹೆನ್ರಿ ಎಂಬಾತನಿಂದ ಮಠಾಧಿಪತ್ಯವನ್ನು ಬಿಡಿಸಿ ದೇಶದಿಂದ ಹೊರಡುವಂತೆ ಮಾಡಿದನೆಂಬ ಸಂಗತಿ ಬರುತ್ತದೆ. ಅಲ್ಲಿ ಬಿಡುವ ಕ್ರಿಯೆಗೆ ಬಳಕೆಯಾಗಿರುವುದು ಗಿವ್ ಅಪ್ ಪದದ ಹಳೆಯ ರೂಪವೇ. ಆ ಮಠಾಧಿಪತಿ ಸ್ವಂತ ಇಚ್ಛೆಯಿಂದ ಪೀಠವನ್ನು ಬಿಡಲಿಲ್ಲ. ಅರಸನ ಆಜ್ಞೆಯಂತೆ ಬಿಟ್ಟನು. ಬಿಡುವುದು ಮತ್ತು ಬಿಡಿಸಲ್ಪಡುವುದು ಎರಡನ್ನೂ ಒಂದೇ ಪದದೊಳಗೆ ಅಡಗಿಸಿಕೊಳ್ಳುವ ಗುಣ ಗಿವ್ ಅಪ್‌ಗೆ ಅಷ್ಟು ಹಿಂದಿನಿಂದಲೂ ಇದೆ.

1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಪ್ರಾಣ ಬಿಡುವ ಅರ್ಥದ ‘ಗಿವ್ ಅಪ್ ದ ಘೋಸ್ಟ್’ ಹಲವು ಕಡೆ ಬಳಕೆಯಾಗಿ ಜನಪ್ರಿಯವಾಯಿತು. ಜರ್ಮನ್ ಭಾಷೆಯಲ್ಲಿ ಇದೇ ರಚನೆಯ ‘ಔಫ್‌ಗೇಬೆನ್’ ಎಂಬ ಕ್ರಿಯಾಪದವಿದ್ದು, ಅದಕ್ಕೂ ಬಿಡು, ಸೋಲೊಪ್ಪು ಎಂಬ ಅರ್ಥಗಳಿವೆ. ಅದರಿಂದ ಬಂದ ‘ಔಫ್‌ಗಾಬೆ’ ಎಂಬ ನಾಮಪದಕ್ಕೆ ಮಾತ್ರ ಶಾಲೆಯಲ್ಲಿ ಮಾಡಲು ಕೊಟ್ಟ ಪಾಠ ಅಥವಾ ಕಾರ್ಯಭಾರ ಎಂಬ ಅರ್ಥವೂ ಉಂಟು. ಒಂದೇ ಬೀಜದಿಂದ ಹುಟ್ಟಿದ ಪದಗಳು ಬೇರೆ ಬೇರೆ ದಾರಿ ಹಿಡಿಯುವುದಕ್ಕೆ ಇದು ಒಳ್ಳೆಯ ಉದಾಹರಣೆ.

### ‘ಫ್ರೇಸಲ್ ವರ್ಬ್’ ಎಂಬ ಹೆಸರು

ಈ ಬಗೆಯ ಕ್ರಿಯಾಪದಗಳು ಪರಭಾಷಿಕರಿಗೆ ಕಠಿಣವೆಂಬುದನ್ನು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿ, ಅವನ್ನು ವಿಶೇಷ ಶ್ರಮವಹಿಸಿ ದಾಖಲಿಸಿದ್ದನು. ಆದರೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದುದು 20ನೇ ಶತಮಾನದಲ್ಲಿ. ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಗ್ರಂಥದಿಂದ ಇದು ಪ್ರಚಾರಕ್ಕೆ ಬಂದಿತು. ಆ ಹೆಸರನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ತಿಳಿಸಿದ್ದಾರೆ.

## ಕನ್ನಡದ ಸಮಾನ ರೂಪಗಳು

### ಬಿಡು

ಗಿವ್ ಅಪ್ ಎಂಬುದಕ್ಕೆ ಅತ್ಯಂತ ಸಮೀಪದ ಕನ್ನಡ ಪದ ‘ಬಿಡು’. ಇದು ದ್ರಾವಿಡ ಮೂಲದ ಧಾತು. ತಮಿಳಿನ ‘ವಿಡು’, ತುಳುವಿನ ‘ಬುಡು’, ತೆಲುಗಿನ ‘ವಿಡುಚು’ ಇದರ ಸೋದರ ರೂಪಗಳು. ಮೈಸೂರು ಮತ್ತು ಮಂಡ್ಯ ಸೀಮೆಯ ಗ್ರಾಮೀಣರ ಮಾತಿನಲ್ಲಿಯೂ ‘ಬುಡು’, ‘ಬುಟ್ಟೆ’ ಎಂಬ ಉಚ್ಚಾರಣೆ ಕೇಳಿಬರುತ್ತದೆ. ‘ಹೋಗ್ಲಿ ಬುಡು’ ಎಂಬುದು ಆ ಭಾಗದಲ್ಲಿ ಜಗಳವನ್ನೂ ದುಃಖವನ್ನೂ ಮುಗಿಸುವ ಮಾತು.

ಬಿಡು ಪದದ ಅರ್ಥವ್ಯಾಪ್ತಿ ದೊಡ್ಡದು. ಹಠ ಬಿಡು, ಆಸೆ ಬಿಡು, ಊರು ಬಿಡು, ಕೆಲಸ ಬಿಡು, ಪ್ರಾಣ ಬಿಡು ಎಂಬ ಪ್ರಯೋಗಗಳೆಲ್ಲವೂ ಗಿವ್ ಅಪ್ ಅರ್ಥಕ್ಕೆ ಹೊಂದುತ್ತವೆ. ಇವುಗಳಲ್ಲಿ ‘ಪ್ರಾಣ ಬಿಡು’ ಎಂಬುದು ಇಂಗ್ಲಿಷಿನ ‘ಗಿವ್ ಅಪ್ ದ ಘೋಸ್ಟ್’ ಎಂಬುದಕ್ಕೆ ಸರಿಜೋಡಿ. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಈ ಧಾತುವಿನ ಅನೇಕ ಅರ್ಥಗಳನ್ನು ದಾಖಲಿಸಿದೆ.

‘ಬಿಡು’ ಎಂಬುದರೊಳಗೆ ‘ಕೊಡು’ ಎಂಬ ಅರ್ಥವೂ ಹಿಂದಿನಿಂದ ಸೇರಿಕೊಂಡಿದೆ. ಕನ್ನಡ ಶಾಸನಗಳಲ್ಲಿ ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ‘ಬಿಟ್ಟರು’ ಎಂದರೆ ದಾನವಾಗಿ ಕೊಟ್ಟರು ಎಂದರ್ಥ. ‘ಬಿಟ್ಟ ದತ್ತಿ’ ಎಂಬ ಮಾತು ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ‘ದೇವರಿಗೆ ಬಿಟ್ಟ ಬಸವ’ ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಜೀವಂತವಾಗಿದೆ. ಇಂಗ್ಲಿಷಿನಲ್ಲಿ ‘ಕೊಡು’ ಎಂಬ ಪದವು ‘ಬಿಡು’ ಎಂಬ ಅರ್ಥಕ್ಕೆ ಬಂದಿದ್ದರೆ, ಕನ್ನಡದಲ್ಲಿ ‘ಬಿಡು’ ಎಂಬ ಪದವು ‘ಕೊಡು’ ಎಂಬ ಅರ್ಥಕ್ಕೆ ಹೋಗಿದೆ. ತಮ್ಮೊಳಗೆ ನಂಟಿಲ್ಲದ ಎರಡು ಭಾಷೆಗಳು ವಿರುದ್ಧ ದಿಕ್ಕುಗಳಿಂದ ಹೊರಟು ಒಂದೇ ಜಾಗದಲ್ಲಿ ಸಂಧಿಸಿವೆ.

### ಬಿಟ್ಟುಕೊಡು

ಬಿಡು ಮತ್ತು ಕೊಡು ಎರಡೂ ಸೇರಿದ ‘ಬಿಟ್ಟುಕೊಡು’ ಎಂಬ ಸಂಯುಕ್ತ ಕ್ರಿಯಾಪದವು, ಬಿಟ್ಟ ವಸ್ತುವನ್ನು ಇನ್ನೊಬ್ಬರು ಪಡೆಯುತ್ತಾರೆ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಬಸ್ಸಿನಲ್ಲಿ ಒಬ್ಬ ಯುವಕನು ‘ಸೀಟು ಬಿಟ್ಟ’ ಎಂದರೆ ಎದ್ದುಹೋದ ಎಂದಷ್ಟೇ ತಿಳಿಯಬಹುದು. ‘ಸೀಟು ಬಿಟ್ಟುಕೊಟ್ಟ’ ಎಂದರೆ ಎದುರಿಗೆ ನಿಂತಿದ್ದ ವೃದ್ಧರೋ ಗರ್ಭಿಣಿಯೋ ಕುಳಿತರು ಎಂಬುದೂ ಅರ್ಥವಾಗುತ್ತದೆ. ‘ಗುಟ್ಟು ಬಿಟ್ಟುಕೊಡಲಿಲ್ಲ’, ‘ಅಣ್ಣನು ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟ’ ಎಂಬುವು ಇದರ ಇತರ ಪ್ರಯೋಗಗಳು.

### ಕೈಬಿಡು

‘ಕೈಬಿಡು’ ಎಂಬುದಕ್ಕೆ ಎರಡು ಮುಖಗಳಿವೆ. ಯೋಜನೆ, ಪ್ರಸ್ತಾವ, ಮೊಕದ್ದಮೆ, ಬೆಳೆ ಮುಂತಾದುವುಗಳೊಡನೆ ಬಳಸಿದಾಗ ಅದು ‘ಮುಂದುವರಿಸದಿರುವುದು’ ಎಂಬ ಸಾಧಾರಣ ಅರ್ಥ ಕೊಡುತ್ತದೆ. ಮನುಷ್ಯರೊಡನೆ ಬಳಸಿದಾಗ ಅದರಲ್ಲಿ ಆಪಾದನೆ ಬೆರೆಯುತ್ತದೆ. ‘ಮಕ್ಕಳು ತಂದೆಯನ್ನು ಕೈಬಿಟ್ಟರು’ ಎಂಬ ವಾಕ್ಯದಲ್ಲಿ ನಂಬಿದವರಿಗೆ ಆದ ನೋವು ಕೇಳಿಸುತ್ತದೆ.

### ಇತರ ರೂಪಗಳು

- ತ್ಯಜಿಸು: ಸಂಸ್ಕೃತ ಮೂಲದ್ದು. ಇದರಲ್ಲಿ ಸಂಕಲ್ಪ ಮತ್ತು ಮೌಲ್ಯದ ಧ್ವನಿಯಿದೆ. ಪದವಿ ತ್ಯಜಿಸು, ದುಶ್ಚಟ ತ್ಯಜಿಸು.
- ತೊರೆ: ಅಚ್ಚಗನ್ನಡದ ಪದ. ಮನೆ, ನಾಡು, ಸಂಸಾರಗಳನ್ನು ಬಿಡುವಾಗ ಹೆಚ್ಚಾಗಿ ಬಳಕೆಯಾಗುತ್ತದೆ.
- ಕೈಚೆಲ್ಲು: ಮುಂದೇನು ಮಾಡಲೂ ತೋಚದೆ ಪ್ರಯತ್ನ ನಿಲ್ಲಿಸುವುದು.
- ಸೋಲೊಪ್ಪು, ಶರಣಾಗು: ಎದುರಾಳಿ ಇರುವ ಸಂದರ್ಭಕ್ಕೆ.
- ಎಳ್ಳುನೀರು ಬಿಡು: ಮತ್ತೆ ಮರಳಲಾರದಂತೆ ಪೂರ್ತಿಯಾಗಿ ಬಿಡುವುದು. ಪಿತೃಗಳಿಗೆ ತರ್ಪಣ ಕೊಡುವ ವಿಧಿಯಿಂದ ಬಂದ ನುಡಿಗಟ್ಟು.

## ಮೈಸೂರು ಜಿಲ್ಲೆಯಲ್ಲಿ ‘ತಂಬಾಕು ಬಿಡುವುದು’

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕು ಪ್ರದೇಶದ ಮುಖ್ಯ ಭಾಗ. ಬ್ಯಾರನ್ ಎಂದು ಕರೆಯಲಾಗುವ ಹದ ಮಾಡುವ ಮನೆಗಳಲ್ಲಿ ಬಿಸಿ ಗಾಳಿಯಿಂದ ಎಲೆಯನ್ನು ಒಣಗಿಸುವುದರಿಂದ ಇದಕ್ಕೆ ಎಫ್‌ಸಿವಿ ತಂಬಾಕು ಎಂಬ ಹೆಸರೂ ಇದೆ. ಇದು ಸಿಗರೇಟು ತಯಾರಿಕೆಗೆ ಬಳಕೆಯಾಗುತ್ತದೆ. ಇಲ್ಲಿ ಇದು ಮಳೆಯಾಶ್ರಿತ ಮುಂಗಾರು ಬೆಳೆ. ಬೇಸಿಗೆಯ ಕೊನೆಯ ಮಳೆ ನೋಡಿಕೊಂಡು ಸಸಿ ನಾಟಿ ಮಾಡಿ, ಎಲೆ ಬಲಿತಂತೆ ಹಂತಹಂತವಾಗಿ ಮುರಿದು ಹದ ಮಾಡಿ, ಬೇಲ್ ಕಟ್ಟಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. 1975ರ ತಂಬಾಕು ಮಂಡಳಿ ಕಾಯ್ದೆಯಂತೆ ರಚಿತವಾದ ಮಂಡಳಿಯು 1976ರ ಜನವರಿ 1ರಿಂದ ಅಸ್ತಿತ್ವದಲ್ಲಿದ್ದು, ಅದರ ಕೇಂದ್ರ ಕಚೇರಿ ಆಂಧ್ರಪ್ರದೇಶದ ಗುಂಟೂರಿನಲ್ಲಿದೆ. ಬೆಳೆಗಾರರು ಮಂಡಳಿಯಲ್ಲಿ ನೋಂದಾಯಿಸಿಕೊಂಡು ಲೈಸೆನ್ಸ್ ಪಡೆಯಬೇಕು. ಬೆಳೆಯ ಪ್ರಮಾಣವನ್ನು ಮಂಡಳಿ ನಿಗದಿಪಡಿಸುತ್ತದೆ.

ಭಾರತದಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಜಾಹೀರಾತು ಮತ್ತು ಮಾರಾಟವನ್ನು ನಿಯಂತ್ರಿಸುವ ಕೋಟ್ಪಾ ಕಾಯ್ದೆ 2003ರಲ್ಲಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದವನ್ನು ಭಾರತವು 2004ರ ಫೆಬ್ರವರಿಯಲ್ಲಿ ಅನುಮೋದಿಸಿತು. ಒಪ್ಪಂದವು 2005ರ ಫೆಬ್ರವರಿ 27ರಂದು ಜಾರಿಗೆ ಬಂದಿತು. ಇದರ 14ನೇ ವಿಧಿಯು ತಂಬಾಕು ಸೇವನೆಯ ಚಟ ಬಿಡಲು ನೆರವಾಗುವುದನ್ನು ಕುರಿತದ್ದು. 17ನೇ ವಿಧಿಯು ತಂಬಾಕು ಬೆಳೆಗಾರರು, ಕಾರ್ಮಿಕರು ಮತ್ತು ಸಣ್ಣ ಮಾರಾಟಗಾರರಿಗೆ ಆರ್ಥಿಕವಾಗಿ ನಿಲ್ಲಬಲ್ಲ ಪರ್ಯಾಯ ಜೀವನೋಪಾಯ ಒದಗಿಸುವುದನ್ನು ಕುರಿತದ್ದು. ಎರಡೂ ವಿಧಿಗಳ ಆಶಯವನ್ನು ಇಂಗ್ಲಿಷಿನಲ್ಲಿ ‘ಗಿವ್ ಅಪ್ ಟೊಬ್ಯಾಕೊ’ ಎಂದು ಚುಟುಕಾಗಿ ಹೇಳಬಹುದು. ಆದರೆ ಸಂಬೋಧಿತರು ಬೇರೆ, ಕೆಲಸ ಬೇರೆ, ಕಷ್ಟವೂ ಬೇರೆ.

ಸೇದುವವನು ಬಿಡುವುದು ಒಂದು ಚಟವನ್ನು. ನಿಕೋಟಿನ್‌ಗೆ ಒಗ್ಗಿಹೋದ ದೇಹ ಕೆಲವು ದಿನ ಕಾಡುತ್ತದೆ. ಆದರೂ ಬಿಟ್ಟ ಮೇಲೆ ಅವನಿಗೆ ಹಣವೂ ಆರೋಗ್ಯವೂ ಉಳಿಯುತ್ತದೆ. ಇಂಥವರಿಗೆ ನೆರವಾಗಲು ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ. ಬೆಳೆಯುವವನು ಬಿಡಬೇಕಾದುದು ಒಂದು ಜೀವನೋಪಾಯವನ್ನು. ಬ್ಯಾರನ್ ಕಟ್ಟಲು ಹಾಕಿದ ಬಂಡವಾಳ, ಬ್ಯಾಂಕಿನ ಸಾಲ, ಲೈಸೆನ್ಸ್, ವರ್ಷಗಳಿಂದ ಕಲಿತ ಹದ, ಹರಾಜಿನಲ್ಲಿ ಮಾರಿದ ಬೇಲ್‌ಗೆ ಬ್ಯಾಂಕ್ ಖಾತೆಗೇ ಬರುವ ಹಣ ಎಲ್ಲವೂ ಆ ಬಿಡುವಿಕೆಯಲ್ಲಿ ಸೇರಿವೆ. ಬದಲಿಗೆ ಮುಸುಕಿನ ಜೋಳ, ಶುಂಠಿ, ರಾಗಿ, ದ್ವಿದಳ ಧಾನ್ಯ, ತರಕಾರಿಗಳು ಇವೆ. ಇವುಗಳಲ್ಲಿ ಕೆಲವಕ್ಕೆ ನೀರಾವರಿ ಬೇಕು, ಕೆಲವಕ್ಕೆ ಬೆಲೆ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಎಲೆ ಹದ ಮಾಡಲು ಉರಿಸುವ ಸೌದೆಯಿಂದ ಮರಗಳಿಗೆ ಆಗುವ ನಷ್ಟ ಮತ್ತು ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಸೇರಿ ಕೆಲಸಗಾರರಿಗೆ ಬರುವ ವಾಂತಿ, ತಲೆಸುತ್ತುಗಳು ಈ ಬೆಳೆಯನ್ನು ಬಿಡಬೇಕೆನ್ನುವವರ ವಾದಕ್ಕೆ ಬಲ ಕೊಡುತ್ತವೆ. ಪ್ರತಿವರ್ಷ ಮೇ 31ರಂದು ಆಚರಿಸುವ ವಿಶ್ವ ತಂಬಾಕು ರಹಿತ ದಿನದ 2023ರ ಘೋಷವಾಕ್ಯವು ‘ನಮಗೆ ಬೇಕಿರುವುದು ಆಹಾರ, ತಂಬಾಕಲ್ಲ’ ಎಂಬ ಆಶಯದ್ದಾಗಿದ್ದು, ಅದು ನೇರವಾಗಿ ಬೆಳೆಗಾರರ ಪ್ರಶ್ನೆಯನ್ನೇ ಮುಂದಿಟ್ಟಿತ್ತು.

ಈ ಭಾಗದ ಆಡುಮಾತಿನಲ್ಲಿ ತಂಬಾಕಿಗೆ ‘ಹೊಗೆಸೊಪ್ಪು’ ಎನ್ನುತ್ತಾರೆ. ‘ಹೊಗೆಸೊಪ್ಪು ಹಾಕೋದು ಬಿಟ್ಟೆ’ ಎಂಬ ವಾಕ್ಯಕ್ಕೆ ಕನ್ನಡದಲ್ಲಿಯೂ ಎರಡು ಅರ್ಥ ಸಾಧ್ಯ. ‘ಹಾಕು’ ಎಂಬುದು ಹೊಲಕ್ಕೆ ಬೆಳೆ ಹಾಕುವುದಕ್ಕೂ ಆಗುತ್ತದೆ, ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕುವುದಕ್ಕೂ ಆಗುತ್ತದೆ. ಮಾತಾಡುವಾಗ ಸಂದರ್ಭದಿಂದ ಅರ್ಥ ತಿಳಿಯುತ್ತದೆ. ಬರೆಯುವಾಗ ಮಾತ್ರ ‘ಸೇವನೆ ಬಿಡು’ ಅಥವಾ ‘ಬೆಳೆ ಕೈಬಿಡು’ ಎಂದು ಬಿಡಿಸಿ ಹೇಳಬೇಕು. ‘ರೈತರು ತಂಬಾಕು ತ್ಯಜಿಸಲಿ’ ಎಂದು ಬರೆದರೆ ಓದುಗನಿಗೆ ಅದು ಬೀಡಿ, ಸಿಗರೇಟಿನ ಮಾತಾಗಿ ಕೇಳಿಸುತ್ತದೆ. ‘ತ್ಯಜಿಸು’ ಪದದಲ್ಲಿ ದುಶ್ಚಟದ ನೆರಳು ಇರುವುದರಿಂದ, ಕಾನೂನುಬದ್ಧ ಲೈಸೆನ್ಸ್ ಪಡೆದು ಬೆಳೆಯುವ ರೈತನನ್ನು ಅದು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ‘ತಂಬಾಕು ಬೆಳೆ ಕೈಬಿಟ್ಟು ಪರ್ಯಾಯ ಬೆಳೆಗೆ ಬದಲಾಗಲು’ ಎಂದು ಬರೆದಾಗ ಮಾತು ಬೆಳೆಯ ಬಗ್ಗೆ ಉಳಿಯುತ್ತದೆ. ಬದಲಿಗೆ ಏನು ಎಂಬ ಪ್ರಶ್ನೆಗೂ ಅದರಲ್ಲಿ ಜಾಗವಿರುತ್ತದೆ.

## ಭೂಮಿ ಬಿಡುವ ಸಂದರ್ಭಗಳು

ಇದೇ ತಾಲ್ಲೂಕುಗಳ ಇತಿಹಾಸದಲ್ಲಿ ಗಿವ್ ಅಪ್ ಪದದ ಇನ್ನೊಂದು ಅರ್ಥಕ್ಕೆ, ಅಂದರೆ ಭೂಮಿಯನ್ನು ಬಿಡುವುದಕ್ಕೆ, ಉದಾಹರಣೆಗಳಿವೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ತಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಭೂಮಿಯು ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆತನ ಪಡೆಯಲು ಅವಕಾಶವಾಯಿತು. ಇಂಗ್ಲಿಷಿನಲ್ಲಿ ಭೂಮಾಲೀಕರು ಭೂಮಿಯನ್ನು ‘ಗೇವ್ ಅಪ್’ ಮಾಡಿದರು ಎಂದು ಬರೆಯಬಹುದು. ಕನ್ನಡದಲ್ಲಿ ‘ಬಿಟ್ಟುಕೊಟ್ಟರು’ ಎಂದರೆ ಔದಾರ್ಯ, ‘ಕಳೆದುಕೊಂಡರು’ ಎಂದರೆ ನಷ್ಟ, ‘ಬಿಡಬೇಕಾಯಿತು’ ಎಂದರೆ ಕಾನೂನಿನ ಕಟ್ಟು. ಮೂರರಲ್ಲಿ ಯಾವುದನ್ನು ಆರಿಸಿದರೂ ಬರೆದವರ ನಿಲುವು ವಾಕ್ಯದಲ್ಲಿ ಕಾಣುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಟ್ಟಿದ ಕಬಿನಿ ಜಲಾಶಯವು 1974ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ಹೊಲ ಮನೆಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬ ಮುಂತಾದ ಆದಿವಾಸಿ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇವರು ಕಾಡನ್ನು ‘ಬಿಟ್ಟರೇ’ ಅಥವಾ ಇವರನ್ನು ಕಾಡಿನಿಂದ ‘ಬಿಡಿಸಲಾಯಿತೇ’ ಎಂಬುದು ವಿವಾದದ ವಿಷಯ. ಈ ವಿವಾದವನ್ನು ಇಂಗ್ಲಿಷಿನ ‘ಗೇವ್ ಅಪ್’ ಮುಚ್ಚಿಡಬಲ್ಲದು. ಕನ್ನಡದಲ್ಲಿ ‘ಬಿಡು’ ಎಂಬುದಕ್ಕೆ ‘ಇಸು’ ಪ್ರತ್ಯಯ ಸೇರಿ ‘ಬಿಡಿಸು’ ಎಂಬ ಪ್ರೇರಣಾರ್ಥಕ ರೂಪ ಸಿದ್ಧವಾಗಿರುವುದರಿಂದ, ಬರೆಯುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ.

## ‘ಗಿವ್ ಇಟ್ ಅಪ್’ ಅಭಿಯಾನ

ಈ ಫ್ರೇಸಲ್ ವರ್ಬ್ ಭಾರತದ ಜನಸಾಮಾನ್ಯರ ಕಿವಿಗೆ ಹೆಚ್ಚಾಗಿ ಬಿದ್ದುದು ಅಡುಗೆ ಅನಿಲದ ‘ಗಿವ್ ಇಟ್ ಅಪ್’ ಅಭಿಯಾನದಿಂದ. ಅನುಕೂಲಸ್ಥ ಗ್ರಾಹಕರು ಎಲ್‌ಪಿಜಿ ಸಬ್ಸಿಡಿಯನ್ನು ಸ್ವಇಚ್ಛೆಯಿಂದ ಬಿಡಬೇಕೆಂದು ಕೇಂದ್ರ ಸರ್ಕಾರವು 2015ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಒಂದು ಕೋಟಿಗೂ ಹೆಚ್ಚು ಗ್ರಾಹಕರು ಇದಕ್ಕೆ ಸ್ಪಂದಿಸಿದರು. ಉಳಿದ ಹಣವನ್ನು ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ಒದಗಿಸಲು ಬಳಸುವುದಾಗಿ ಸರ್ಕಾರ ಹೇಳಿತ್ತು. ಬಿಟ್ಟದ್ದು ಇನ್ನೊಬ್ಬರ ಒಲೆಗೆ ತಲುಪುತ್ತದೆ ಎಂಬ ಆಶಯವಿದ್ದುದರಿಂದ ‘ಸಬ್ಸಿಡಿ ಬಿಟ್ಟುಕೊಡಿ’ ಎಂಬುದೇ ಇದಕ್ಕೆ ತಕ್ಕ ಕನ್ನಡ. ‘ಸಬ್ಸಿಡಿ ಬಿಡಿ’ ಎಂದಿದ್ದರೆ ಆ ಆಶಯ ಅರ್ಧಕ್ಕೆ ನಿಲ್ಲುತ್ತಿತ್ತು.

## ಅನುವಾದದಲ್ಲಿ ಗಮನಿಸಬೇಕಾದ ಅಂಶಗಳು

ಗಿವ್ ಅಪ್ ಇರುವ ವಾಕ್ಯವನ್ನು ಕನ್ನಡಕ್ಕೆ ತರುವಾಗ ವಿದ್ಯಾರ್ಥಿಗಳು ಈ ಕೆಳಗಿನ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬಹುದು:

1. ಬಿಟ್ಟದ್ದು ಯಾರಿಗಾದರೂ ಸಿಕ್ಕಿತೇ? ಸಿಕ್ಕಿದ್ದರೆ ‘ಬಿಟ್ಟುಕೊಡು’ ಅಥವಾ ‘ಒಪ್ಪಿಸು’.
2. ಬಿಟ್ಟದ್ದು ಅಭ್ಯಾಸವೇ? ಹಾಗಿದ್ದರೆ ‘ಬಿಡು’. ಸಂಕಲ್ಪವನ್ನು ಒತ್ತಿ ಹೇಳಬೇಕಿದ್ದರೆ ‘ತ್ಯಜಿಸು’.
3. ಬಿಟ್ಟದ್ದು ಕೆಲಸ, ಯೋಜನೆ ಅಥವಾ ಬೆಳೆಯೇ? ಹಾಗಿದ್ದರೆ ‘ಕೈಬಿಡು’.
4. ಬಿಟ್ಟದ್ದು ಪ್ರಯತ್ನವೇ? ಎದುರಾಳಿ ಇದ್ದರೆ ‘ಸೋಲೊಪ್ಪು’, ಇಲ್ಲದಿದ್ದರೆ ‘ಕೈಚೆಲ್ಲು’.
5. ಒತ್ತಾಯವಿತ್ತೇ? ಇದ್ದರೆ ‘ಬಿಡಬೇಕಾಯಿತು’ ಅಥವಾ ‘ಬಿಡಿಸಲಾಯಿತು’.

ಕೊನೆಯ ಪ್ರಶ್ನೆಗೆ ಉತ್ತರವು ಮೂಲ ವಾಕ್ಯದೊಳಗೆ ಸಿಗದೆ ಇರಬಹುದು. ಆಗ ಹಿಂದು ಮುಂದಿನ ವಾಕ್ಯಗಳನ್ನು ಓದಿ ತೀರ್ಮಾನಿಸಬೇಕು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದರ ವಿಪರೀತ ತೊಡಕು ಉಂಟಾಗುತ್ತದೆ. ‘ಬಿಟ್ಟುಕೊಟ್ಟರು’ ಮತ್ತು ‘ಬಿಡಬೇಕಾಯಿತು’ ಎರಡಕ್ಕೂ ‘ಗೇವ್ ಅಪ್’ ಎಂದೇ ಬರೆದರೆ ವ್ಯತ್ಯಾಸ ಅಳಿದುಹೋಗುತ್ತದೆ. ಅಲ್ಲಿ ‘ಹ್ಯಾಡ್ ಟು ಗಿವ್ ಅಪ್’, ‘ವರ್ ಮೇಡ್ ಟು ಗಿವ್ ಅಪ್’ ಎಂದು ಬಿಡಿಸಿ ಬರೆಯುವುದು ಉಚಿತ.

## ಸಂಬಂಧಿತ ರೂಪಗಳು

ಗಿವ್ ಪದದಿಂದ ಬಂದ ಇತರ ಫ್ರೇಸಲ್ ವರ್ಬ್‌ಗಳು:

- ಗಿವ್ ಇನ್: ಒತ್ತಡಕ್ಕೆ ಮಣಿ, ಒಪ್ಪಿಕೊ. ಮಗುವಿನ ಹಠಕ್ಕೆ ತಾಯಿ ಮಣಿಯುವುದು ಗಿವ್ ಇನ್. ಮಗುವೇ ಹಠ ಬಿಡುವುದು ಗಿವ್ ಅಪ್.
- ಗಿವ್ ಅವೇ: ಉಚಿತವಾಗಿ ಕೊಡು, ಗುಟ್ಟು ಹೊರಗೆಡವು.
- ಗಿವ್ ಬ್ಯಾಕ್: ಹಿಂದಿರುಗಿಸು.
- ಗಿವ್ ಔಟ್: ಹಂಚು, ಮುಗಿದುಹೋಗು, ಕೆಟ್ಟುನಿಲ್ಲು.
- ಗಿವ್ ಆಫ್: ವಾಸನೆ, ಹೊಗೆ, ಶಾಖ ಮುಂತಾದುವನ್ನು ಹೊರಸೂಸು.

ಕನ್ನಡದ ‘ಕೈಕೊಡು’ ಎಂಬ ನುಡಿಗಟ್ಟನ್ನು ಇವುಗಳೊಡನೆ ಬೆರೆಸಬಾರದು. ‘ಮಳೆ ಕೈಕೊಟ್ಟಿತು’ ಎಂದರೆ ಮಳೆ ನೆರವಾಯಿತು ಎಂದಲ್ಲ, ನಂಬಿದ ಹೊತ್ತಿನಲ್ಲಿ ಬಾರದೆ ಹೋಯಿತು ಎಂದರ್ಥ. ಇಂಗ್ಲಿಷಿನಲ್ಲಿ ‘ಕೈ ಕೊಡುವುದು’ ಸಹಾಯವನ್ನು ಸೂಚಿಸುತ್ತದೆ. ಕನ್ನಡದಲ್ಲಿ ಅದು ಮೋಸ. ಸಹಾಯಕ್ಕೆ ಕನ್ನಡದಲ್ಲಿ ‘ಕೈಜೋಡಿಸು’, ‘ಕೈಹಿಡಿ’ ಎಂಬ ಮಾತುಗಳಿವೆ.

## ಇವನ್ನೂ ನೋಡಿ

- ಸಂಯುಕ್ತ ಕ್ರಿಯಾಪದ
- ಉಪಸರ್ಗ
- ಕನ್ನಡ ನುಡಿಗಟ್ಟುಗಳು
- ತಂಬಾಕು ಮಂಡಳಿ
- ಹುಣಸೂರು
- ಪಿರಿಯಾಪಟ್ಟಣ